ಕನಾರ್ಟಕದಿಂದ ಕರ್ನಾಟಕಕ್ಕೆ

ನಮ್ಮೂರು ತಡವಳ. ಅಕ್ಕಲಕೋಟ ತಾಲೂಕು, ಸೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರ. ಹೊಟಗಿಯಿಂದ ವಿಜಯಪುರದ ಕಡೆ ಹೋಗುವ ರೈಲು ಮಾರ್ಗದಲ್ಲಿ ನಮ್ಮದೊಂದು ನಿಲ್ದಾಣವಿದೆ. ಮುಂದೆ ಭೀಮಾ ನದಿ ದಾಟಿದರೆ ಲಚ್ಯಾಣ, ಅದು ಕರ್ನಾಟಕ. ಮನೆ, ಗುಡಿ, ಹೊಲದಲ್ಲಿ ನಮ್ಮದು ಕನ್ನಡ. ತಹಸೀಲ ಕಚೇರಿ, ಬ್ಯಾಂಕು, ಎಸ್‌ಟಿ ಬಸ್ಸಿನ ಬೋರ್ಡು ಮರಾಠಿ. ಅಕ್ಕಲಕೋಟದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ, ಸೊಸೈಟಿಯ ಅಹವಾಲು, ಎಲ್ಲ ಅಲ್ಲಿಯೇ. ಒಂದೇ ಹಾಳೆಯ ಮೇಲೆ ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಕೂಡುವುದು ಇಲ್ಲಿ ದಿನದ ಮಾತು.

ನಮ್ಮ ಭಾಗದ ನಿವೃತ್ತ ಮಾಸ್ತರರೊಬ್ಬರು ಬೀಸುವ ಪದ, ಹಂತಿ ಪದ, ಡೊಳ್ಳಿನ ಪದಗಳನ್ನು ಹಾಡುವವರ ಬಾಯಿಂದಲೇ ಕೇಳಿ ವಹಿಗಳಲ್ಲಿ ಬರೆದಿಟ್ಟಿದ್ದರು. ಬಿಡುವಾದಾಗಲೆಲ್ಲ ನಾನವನ್ನು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ, ನುಡಿ ಫಾಂಟಿನಲ್ಲಿ ಟೈಪು ಮಾಡುತ್ತ ಬಂದೆ. ಟಿಪ್ಪಣಿಗಳಲ್ಲಿ ಮರಾಠಿ ಸಾಲುಗಳಿದ್ದವು, ಅವಕ್ಕೆ ಮರಾಠಿ ಫಾಂಟು. ಪುಸ್ತಕಕ್ಕೆ ದಾನಿಗಳೊಬ್ಬರು ಸಿಕ್ಕರು. ಕರ್ನಾಟಕದ ಒಂದು ಮುದ್ರಣಾಲಯ ಒಪ್ಪಿತು. ಫೋನಿನಲ್ಲಿ ಅವರು ಹೇಳಿದ್ದಿಷ್ಟೇ: "ಪೇಜ್‌ಮೇಕರ್ ನಮ್ಮಲ್ಲಿ ಈಗ ಇಲ್ರಿ. ಯೂನಿಕೋಡ್ ಮಾಡಿ ಕಳಸ್ರಿ, ಇನ್‌ಡಿಸೈನ್‌ನಾಗ ಹಾಕ್ತೀವಿ."

ಅವರ ಮಾತು ತಪ್ಪಲ್ಲ. ಆಲ್ಡಸ್ ಕಂಪನಿ 1985ರಲ್ಲಿ ತಂದ ಪೇಜ್‌ಮೇಕರು 1994ರಲ್ಲಿ ಅಡೋಬಿಯ ಪಾಲಾಯಿತು. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಗಡಿಯ ಆಚೆ ಈಚೆ ನನ್ನಂಥ ಎಷ್ಟೋ ಅಂಗಡಿಗಳು ಅದರ ಮೇಲೆಯೇ ಬದುಕಿದವು. ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದನ್ನು ಇನ್ನೂ ಉಳಿಸಿಕೊಂಡಿರುವುದು ಅದಕ್ಕಾಗಿಯೇ.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ, ಅಂತರಜಾಲದಲ್ಲಿ ಸಿಕ್ಕ ಒಂದು ಪರಿವರ್ತಕಕ್ಕೆ ಪಠ್ಯ ಹಾಕಿ, ಬಂದದ್ದನ್ನು ಕಳಿಸಿದೆವು. ಪ್ರೂಫು ಬಂತು. ಮಾಸ್ತರರು ಕನ್ನಡಕ ಏರಿಸಿ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಪೆನ್ನು ಕೆಳಗಿಟ್ಟರು.

"ತಮ್ಮಾ, ನಾ 'ಬ್ಯಾಡ' ಅಂತ ಬರದೀನಿ. ಇಲ್ಲಿ 'ಬೇಡ' ಯಾಕ ಆತು? 'ಮ್ಯಾಲ' ಹೋಗಿ 'ಮೇಲೆ' ಆಗೇದ. ಹಾಡಿದಾಕಿ ಹಿಂಗ ಹಾಡಿಲ್ಲ."

"ಸರ, ಟೈಪಿನಾಗ 'ಬ್ಯಾಡ' ಅಂತನ ಐತ್ರಿ" ಎಂದು ಹಳೆಯ ಯಂತ್ರ ತೆರೆದು ತೋರಿಸಿದೆ. ಹಾಗಾದರೆ ನಡುವೆ ಏನಾಯಿತು? ಮುದ್ರಣಾಲಯದ ಹುಡುಗನನ್ನು ವಿಚಾರಿಸಿದಾಗ ತಿಳಿಯಿತು. ಅವನಿಗೆ ತಲುಪಿದ ಪಠ್ಯದಲ್ಲಿ ಆ ಶಬ್ದ 'ಬಾ್ಯಡ' ಎಂದು ಒಡೆದು ಬಂದಿತ್ತು. 'ವರ್ಷ' 'ವಷರ್' ಆಗಿತ್ತು, 'ಕರ್ನಾಟಕ' 'ಕನಾರ್ಟಕ'ವಾಗಿತ್ತು. ಹುಡುಗ ಪಾಪ, ಒಡೆದದ್ದನ್ನೆಲ್ಲ ತನಗೆ ಗೊತ್ತಿದ್ದ ಪುಸ್ತಕದ ಕನ್ನಡಕ್ಕೆ ತಿದ್ದಿದ್ದ. 'ವರ್ಷ' ಸರಿಯಾಯಿತು. ಆದರೆ ಮುದುಕಿಯರ ಬಾಯಿಂದ ಬಂದ 'ಬ್ಯಾಡ' ಸದ್ದಿಲ್ಲದೆ 'ಬೇಡ' ಆಯಿತು.

ನಮ್ಮ ಕಡೆಯ ಮಾತಿನಲ್ಲಿ ಬ್ಯಾಡ, ಮ್ಯಾಲ, ಹ್ಯಾಂಗ, ಹಳ್ಳ್ಯಾಗ ಇಂಥವೇ ಹೆಚ್ಚು. ಇವುಗಳಲ್ಲೆಲ್ಲ ಒತ್ತು, ದೀರ್ಘ ಎರಡೂ ಒಂದೇ ಅಕ್ಷರಕ್ಕೆ ಬೀಳುತ್ತವೆ. ಪರಿವರ್ತಕ ಎಡವುವುದೂ ಸರಿಯಾಗಿ ಅಲ್ಲಿಯೇ. ಹೀಗಾಗಿ ಶಿಷ್ಟ ಕನ್ನಡದ ಪುಸ್ತಕಕ್ಕಿಂತ ನಮ್ಮ ಪದಗಳ ಪುಸ್ತಕಕ್ಕೆ ಪೆಟ್ಟು ಜಾಸ್ತಿ ಬಿತ್ತು. "ಆ ಪ್ರೂಫು ಬಿಡು, ಮೊದಲಿಂದ ಮಾಡೋಣು" ಎಂದರು ಮಾಸ್ತರರು. ಪರಿವರ್ತಕ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಹೇಳುವ ಕೈಪಿಡಿಯ ಹುಡುಕಾಟ ಅಲ್ಲಿಂದ ಶುರುವಾಯಿತು.

ಆ ಪರಿವರ್ತಕದಲ್ಲಿ ಇದ್ದದ್ದು ಎರಡು ಚೌಕ, ಒಂದು ಗುಂಡಿ. ಯಾವ ಫಾಂಟಿಗೆ ನಡೆಯುತ್ತದೆ, ಯಾವುದಕ್ಕೆ ಇಲ್ಲ ಎಂಬ ಒಂದು ಸಾಲೂ ಇರಲಿಲ್ಲ. ಇನ್ನೊಂದು ಹಳೆಯ ತಂತ್ರಾಂಶದ ಸಿ.ಡಿ.ಯಲ್ಲಿ ಸಹಾಯದ ಕಡತವಿತ್ತು. ಅದು ಎಚ್‌ಎಲ್‌ಪಿ ಎಂಬ ಹಳೆಯ ವಿಂಡೋಸ್ ಮಾದರಿ. ವಿಸ್ತಾ ಬಂದಾಗಿನಿಂದ ಅದನ್ನು ತೆರೆಯುವ ಭಾಗ ವಿಂಡೋಸಿನ ಜೊತೆ ಬರುವುದಿಲ್ಲ. ಕಡತ ಬದಲಿಸುವ ವಿಧಾನ ಹೇಳಬೇಕಾದ ಪುಸ್ತಕವನ್ನೇ ಮೊದಲು ಬದಲಿಸಿಕೊಳ್ಳಬೇಕಾದ ಪರಿಸ್ಥಿತಿ. ಎಕ್ಸ್‌ಪಿ ಯಂತ್ರದಲ್ಲಿ ತೆರೆದು ನೋಡಿದೆ. ಕೀಲಿಮಣೆಯ ಚಿತ್ರ, ಮುದ್ರಿಸುವ ವಿಧಾನ ಇತ್ತು. ಪರಿವರ್ತನೆಯ ಬಗ್ಗೆ ಮೆನುವಿನ ಹೆಸರು ಬಿಟ್ಟರೆ ಏನೂ ಇಲ್ಲ. ಸಂಬಂಧಪಟ್ಟವರಿಗೆ ಫೋನು ಹಚ್ಚಿದರೆ "ಹೊಸ ಆವೃತ್ತಿ ಹಾಕಿಕೊಳ್ಳಿ" ಎಂಬ ಉತ್ತರ. ಸೊಲ್ಲಾಪುರದಲ್ಲಿ ನನಗಿಂತ ಹಳಬರಾದ ಆಪರೇಟರರನ್ನು ಕೇಳಿದೆ. ಅವರಿಗೆ ಎಲ್ಲ ಬೆರಳಿನಲ್ಲಿ ಗೊತ್ತು, ಬರೆದಿಟ್ಟದ್ದು ಯಾರ ಬಳಿಯೂ ಇರಲಿಲ್ಲ. ಡಿಟಿಪಿಯನ್ನು ನಾವು ಒಬ್ಬರ ಪಕ್ಕ ಇನ್ನೊಬ್ಬರು ಕೂತು ಕಲಿತವರು.

ದಾರಿ ತೋರಿದ್ದು ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣನ ಮಗ. ಅವನು ಕನ್ನಡ ಮಾತಾಡುತ್ತಾನೆ. ಓದಿದ್ದು ಮರಾಠಿ ಶಾಲೆ, ಕನ್ನಡ ಅಕ್ಷರ ಬರುವುದಿಲ್ಲ. ನನಗೆ ಅಕ್ಷರ ಬರುತ್ತದೆ, ಪ್ರೋಗ್ರಾಮು ಓದಲು ಬರುವುದಿಲ್ಲ. ರಜೆಗೆ ಬಂದವನು ಹೇಳಿದ: "ಕಾಕಾ, ಮ್ಯಾನ್ಯುಅಲ್ ಇಲ್ಲಂದ್ರ ಕೋಡ್ ನೋಡೂಣು." ಅರವಿಂದ ವಿ.ಕೆ. ಅವರು ನುಡಿ, ಬರಹ ಫಾಂಟುಗಳ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕ ಬರೆದು, ಅದರ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲೊಂದು ಉದ್ದನೆಯ ಪಟ್ಟಿ: ಎಡಕ್ಕೆ ಹಳೆಯ ಸಂಕೇತ, ಬಲಕ್ಕೆ ಕನ್ನಡ ಅಕ್ಷರ. ನಾವು ಹುಡುಕುತ್ತಿದ್ದ ಕೈಪಿಡಿ ಇದೇ ಆಗಿತ್ತು. ಅವನು ಎಡಭಾಗ ಓದುವುದು, ನಾನು ಬಲಭಾಗ ಓದುವುದು, ಹಾಗೆ ಕೂತೆವು.

ಆಗ ತಿಳಿದದ್ದನ್ನು ಚುಟುಕಾಗಿ ಹೇಳುತ್ತೇನೆ, ಬೇರೆಯವರಿಗೂ ಬೇಕಾದೀತು. ಹಳೆಯ ಫಾಂಟಿನಲ್ಲಿ ಇರುವುದು 256 ಮನೆ. ಕನ್ನಡದ ಎಲ್ಲ ಗುಣಿತ, ಒತ್ತಕ್ಷರ ಅಷ್ಟರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಮೊಳೆ ಜೋಡಿಸುವವರ ಕೇಸಿನ ಹಾಗೆ ಅಕ್ಷರದ ತುಂಡುಗಳನ್ನು ಅಲ್ಲಿ ತುಂಬಿದರು. ಇಂಗ್ಲಿಷಿನ ದೊಡ್ಡ ಪಿ ಇರುವ ಮನೆಯಲ್ಲಿ ತಲೆಕಟ್ಟಿಲ್ಲದ ಕಕಾರ, ತಲೆಯ ಮೇಲೆ ಗೀಟಿರುವ ಎ ಇರುವ ಮನೆಯಲ್ಲಿ ತಲೆಕಟ್ಟು. ಎರಡೂ ಸೇರಿದರೆ 'ಕ'. 'ಮ' ಎಂಬ ಅಕ್ಷರಕ್ಕೆ ಸ್ವಂತ ಮನೆಯೇ ಇಲ್ಲ, ಅದು 'ವ'ಕ್ಕೆ ಕೊಂಬು ಹಚ್ಚಿದ್ದು. 'ಯ' ನಾಲ್ಕು ತುಂಡು, ಮೊದಲನೆಯದು ದೊಡ್ಡ ಎ. ಅದೇ ಎ ಒಂಟಿಯಾಗಿ ಬಂದರೆ ಅನುಸ್ವಾರದ ಸೊನ್ನೆ. ಹೀಗಾಗಿ ಪರಿವರ್ತಕ ಉದ್ದನೆಯ ಜೋಡಣೆಯನ್ನು ಮೊದಲು ಹುಡುಕಬೇಕು. ಸಣ್ಣದನ್ನು ಮೊದಲು ಹಿಡಿದರೆ 'ಮನೆ' 'ವುನೆ'ಯಾಗುತ್ತದೆ, 'ಯ' ಇದ್ದಲ್ಲೆಲ್ಲ ಸೊನ್ನೆ ಏಳುತ್ತದೆ.

ಎರಡನೆಯದು ಕ್ರಮದ ಗೊಂದಲ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ: 'ಅಕ್ಕಿ'ಯಲ್ಲಿ ಮೊದಲು 'ಅ', ಆಮೇಲೆ 'ಕಿ', ಕಡೆಗೆ ಕೆಳಗಿನ ಒತ್ತು. ಯೂನಿಕೋಡು ಉಚ್ಚಾರದ ಕ್ರಮದಲ್ಲಿ ಇಡುತ್ತದೆ: ಒತ್ತು ಮುಗಿದ ಮೇಲೆ ಗುಡಿಸು. ಬದಲಿಸುವಾಗ ಗುಡಿಸನ್ನು ಹಿಂದಕ್ಕೆ ಸರಿಸದಿದ್ದರೆ 'ಅಕಿ್ಕ' ಆಗುತ್ತದೆ. ಅರ್ಕಾವತ್ತು ಇದರ ತಿರುಗುಮುರುಗು. ಹಳೆಯದರಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂದೆ ಹೋಗಬೇಕು. ಹೋಗದಿದ್ದರೆ ಅದು ಮುಂದಿನ ಅಕ್ಷರಕ್ಕೆ ಅಂಟುತ್ತದೆ, 'ಕನಾರ್ಟಕ' ಹುಟ್ಟುತ್ತದೆ. 'ಹಳ್ಳ್ಯಾಗ' ಎಂಬಲ್ಲಿ ಒಂದೇ ಅಕ್ಷರದ ಕೆಳಗೆ ಎರಡು ಒತ್ತು, ಮೇಲೆ ದೀರ್ಘ. ಒಂದೇ ಒತ್ತನ್ನು ದಾಟಲು ಬರೆದ ಪ್ರೋಗ್ರಾಮು ಅಲ್ಲಿ ನಿಂತುಬಿಡುತ್ತದೆ.

ಅಕ್ಷರದ ಕಗ್ಗಂಟು ಬಿಡಿಸಿದರೂ ಗಡಿಯದು ಉಳಿದಿತ್ತು. ನಮ್ಮ ಪುಟದಲ್ಲಿ ಮರಾಠಿಯೂ ಇದೆಯಲ್ಲ. ಮರಾಠಿ ಫಾಂಟಿನಲ್ಲಿಯೂ ಅವೇ ಸಂಕೇತಗಳು, ಒಳಗಿನ ಆಕಾರ ಮಾತ್ರ ಬೇರೆ. ಪಠ್ಯವನ್ನು ನಕಲು ಮಾಡಿ ಚೌಕದಲ್ಲಿ ಹಾಕಿದ ಕೂಡಲೇ ಫಾಂಟಿನ ಹೆಸರು ಅಳಿಸಿಹೋಗುತ್ತದೆ. ಆಗ ಪರಿವರ್ತಕಕ್ಕೆ ಮರಾಠಿಯೂ ಕನ್ನಡವೇ, ಇಂಗ್ಲಿಷೂ ಕನ್ನಡವೇ. ನಮ್ಮ ಟಿಪ್ಪಣಿಗಳಲ್ಲಿದ್ದ ಮರಾಠಿ ಸಾಲುಗಳು ಹೀಗೆಯೇ ಅರ್ಥವಿಲ್ಲದ ಕನ್ನಡವಾಗಿ ಕೂತಿದ್ದವು. ಬೆಂಗಳೂರಿನಲ್ಲಿ ಬರೀ ಕನ್ನಡದ ಕಡತ ಹಾಕುವವರಿಗೆ ಈ ಪೀಡೆ ಇಷ್ಟಿರಲಾರದು.

ಅಣ್ಣನ ಮಗ ಇದಕ್ಕೂ ಹಾದಿ ಕಂಡ. ಪೇಜ್‌ಮೇಕರಿನಿಂದ ಪಠ್ಯವನ್ನು ಆರ್‌ಟಿಎಫ್ ಮಾದರಿಯಲ್ಲಿ ಹೊರತೆಗೆಯಲು ಬರುತ್ತದೆ. ಒಂದೊಂದು ಪಠ್ಯಸರಣಿಯ ಒಳಗೂ ಕರ್ಸರ್ ಇಟ್ಟು ಬೇರೆಬೇರೆಯಾಗಿ ತೆಗೆಯಬೇಕು, ಬೇಸರದ ಕೆಲಸ. ಆದರೆ ಆರ್‌ಟಿಎಫ್‌ನ ಪೂರ್ತಿ ವಿವರಣೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ, ಅದರ ಕೊನೆಯ ಆವೃತ್ತಿ 1.9.1 ಬಂದದ್ದು 2008ರಲ್ಲಿ. ಇಷ್ಟು ಅಲೆದಾಟದಲ್ಲಿ ಕೈಪಿಡಿ ಎನ್ನಬಹುದಾದ ಕೈಪಿಡಿ ಸಿಕ್ಕಿದ್ದು ಅದೊಂದೇ. ಆರ್‌ಟಿಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ತಲೆಯಲ್ಲಿ ಫಾಂಟುಗಳ ಪಟ್ಟಿ, ಪ್ರತಿ ತುಣುಕಿನ ಮುಂದೆ ಅದು ಯಾವ ಫಾಂಟು ಎಂಬ ಗುರುತು.

"ಕಾಕಾ, ಎಲ್ಲಿ ನೋಡಿದ್ರೂ ಸಿ-ಸೊನ್ನೆ ಬರ್ತದಲ್ಲ, ಏನದು?"

"ಪುಟ ಹಿಗ್ಗಿಸು. ಹಾಂ, ಅದು ತಲೆಕಟ್ಟಿನ ಸಂಕೇತ. ಅದಿಲ್ಲದ ಕನ್ನಡದ ಸಾಲು ಎಲ್ಲಿಂದ ತರ್ತಿ?"

ನುಡಿ ಫಾಂಟಿನ ಗುರುತಿರುವ ತುಣುಕನ್ನಷ್ಟೇ ಪರಿವರ್ತಿಸಿ, ಮರಾಠಿಯದನ್ನು ಅದರದೇ ಪಟ್ಟಿಗೆ ಕೊಟ್ಟು, ಇಂಗ್ಲಿಷನ್ನು ಮುಟ್ಟದೆ ಬಿಡುವಂತೆ ಅವನೊಂದು ಸಣ್ಣ ಪ್ರೋಗ್ರಾಮು ಬರೆದ. ಎರಡು ಒತ್ತಿನ ನಿಯಮವನ್ನು ನಾನು ಹೇಳಿದೆ, ಅವನು ಸೇರಿಸಿದ.

ಮುದ್ರಣಾಲಯದಲ್ಲಿ ಕೊನೆಯ ತೊಡಕು. ಯೂನಿಕೋಡ್ ಪಠ್ಯ ಶುದ್ಧವಾಗಿಯೇ ಹೋಗಿತ್ತು. ಅವರ ಇನ್‌ಡಿಸೈನಿನಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಂತವು. ಅಲ್ಲಿಯ ಹುಡುಗ ಮತ್ತೆ ಕೈಯಿಂದ ತಿದ್ದಲು ಹೊರಟಿದ್ದ, "ದಯಮಾಡಿ ಮುಟ್ಟಬ್ಯಾಡ್ರಿ" ಎಂದು ತಡೆದೆ. 2012ರ ಸಿಎಸ್6 ಆವೃತ್ತಿಯಿಂದ ಇನ್‌ಡಿಸೈನು ಕನ್ನಡ ಸೇರಿ ಭಾರತದ ಹತ್ತು ಭಾಷೆಗಳ ಲಿಪಿಯನ್ನು ಸರಿಯಾಗಿ ಜೋಡಿಸಬಲ್ಲದು. ಆದರೆ ಪ್ಯಾರಾಗ್ರಾಫಿನ ಕಂಪೋಸರನ್ನು 'ವರ್ಲ್ಡ್-ರೆಡಿ' ಎಂಬುದಕ್ಕೆ ಬದಲಿಸಬೇಕು. ಸ್ಕ್ರಿಪ್ಟ್ಸ್ ಫಲಕದ ಮಾದರಿಗಳಲ್ಲಿ 'ಇಂಡಿಕ್ ಪ್ರಿಫರೆನ್ಸಸ್' ಎಂಬುದನ್ನು ಓಡಿಸಿದರೆ ಈ ಕೆಲಸವಾಗುತ್ತದೆ. ಇದೆಲ್ಲ ಬರೆದಿಟ್ಟದ್ದೇ, ಇಂಗ್ಲಿಷಿನಲ್ಲಿ, ಆ ಹೆಸರು ಮೊದಲೇ ಗೊತ್ತಿದ್ದವರಿಗೆ. ಬದಲಿಸಿದ ಕ್ಷಣಕ್ಕೆ ಪುಟದ ಎಲ್ಲ ಒತ್ತುಗಳೂ ತಮ್ಮ ಜಾಗಕ್ಕೆ ಇಳಿದವು.

ಮುಂದಿನ ಪ್ರೂಫಿನಲ್ಲಿ ಮಾಸ್ತರರು ಮೊದಲು ನೋಡಿದ್ದು 'ಬ್ಯಾಡ'. ಇತ್ತು. ಅಲ್ಲಲ್ಲಿ ಅಲ್ಪವಿರಾಮ ತಿದ್ದಿದರು, ಪದಗಳನ್ನು ತಿದ್ದುವ ಪ್ರಸಂಗ ಬರಲಿಲ್ಲ. ಪುಸ್ತಕ ಅಚ್ಚಾಯಿತು.

ಇಷ್ಟೆಲ್ಲ ಆದಮೇಲೆ ಒಂದು ಹಾಳೆ ಬರೆದೆ, ಕನ್ನಡದಲ್ಲಿಯೇ. ಯಾವ ಫಾಂಟು, ಅದರ ಆವೃತ್ತಿ, ಯಾವ ಪರಿವರ್ತಕ, ಎಲ್ಲಿ ಒಡೆಯುತ್ತದೆ, ಇನ್‌ಡಿಸೈನಿನಲ್ಲಿ ಏನು ಬದಲಿಸಬೇಕು ಎಂದು. ಕೆಳಗೆ ಪರೀಕ್ಷೆಯ ಶಬ್ದಗಳು: ಅಕ್ಕಿ, ಕರ್ನಾಟಕ, ಸೊಲ್ಲಾಪುರ, ಮನೆ, ಯಮ, ಬ್ಯಾಡ, ಹಳ್ಳ್ಯಾಗ. ಇವಿಷ್ಟು ಸರಿಯಾಗಿ ದಾಟಿದರೆ ಉಳಿದದ್ದೂ ಬಹುಪಾಲು ದಾಟುತ್ತದೆ. ಈಗ ನನ್ನ ಅಂಗಡಿಯಿಂದ ಹೋಗುವ ಪ್ರತಿ ಕಡತದ ಜೊತೆ ಆ ಹಾಳೆ ಹೋಗುತ್ತದೆ. ಸೊಲ್ಲಾಪುರದ ಆಪರೇಟರರು ತಮಗೆ ಗೊತ್ತಿದ್ದ, ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ತೊಡಕುಗಳನ್ನು ಹೇಳಿ ಬರೆಸಿದ್ದಾರೆ, ಹಾಳೆ ಉದ್ದವಾಗುತ್ತಿದೆ.

ಗಡಿಯ ಈ ಭಾಗದಲ್ಲಿ ಶಾಲೆಗಳ ಸ್ಮರಣ ಸಂಚಿಕೆ, ಮಠಗಳ ಪುಸ್ತಕ, ಭಜನಾ ಮಂಡಳಿಗಳ ಪದಗಳು ಎಷ್ಟೋ ಪೇಜ್‌ಮೇಕರಿನ ಕಡತಗಳಾಗಿ ಸಿ.ಡಿ.ಗಳಲ್ಲಿ ಕೂತಿವೆ. ಅವನ್ನು ಇಟ್ಟುಕೊಂಡವರಿಗೆ ನನ್ನ ಕೋರಿಕೆ ಇಷ್ಟು. ಕಡತದ ಜೊತೆ ಅದರ ಫಾಂಟನ್ನೂ ನಕಲು ಮಾಡಿ ಇಡಿ. ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಒಂದು ಆರ್‌ಟಿಎಫ್, ಒಂದು ಕಾಗದದ ಪ್ರತಿ ತೆಗೆದಿಡಿ. ಕಾಗದದ ಪ್ರತಿ ಇದ್ದರೆ ಪರಿವರ್ತಕ ಎಲ್ಲಿ ಕೆಡಿಸಿದೆ, ತಿದ್ದುವವರು ಎಲ್ಲಿ ಕೆಡಿಸಿದ್ದಾರೆ ಎಂಬುದನ್ನು ಬೇರೆಬೇರೆಯಾಗಿ ಹಿಡಿಯಬಹುದು. ಮಾಸ್ತರರ ವಹಿಗಳು ಇರದಿದ್ದರೆ 'ಬೇಡ' ಎಂದೇ ಅಚ್ಚಾಗುತ್ತಿತ್ತು, ಯಾರಿಗೂ ಸಂಶಯ ಬರುತ್ತಿರಲಿಲ್ಲ.