ಇಬ್ಬರನ್ನೂ ಒಂದ ಮನ್ಯಾಗ

ಯಾವಗಲ್ಲಿನಲ್ಲಿ ಬೋಧನಾಭ್ಯಾಸದ ಎರಡನೆಯ ವಾರ. ನನ್ನ ವಿಷಯ ವಿಜ್ಞಾನ. ಸಮಾಜ ವಿಜ್ಞಾನದ ಶಿಕ್ಷಕರು ರಜೆ ಹಾಕಿದ್ದರಿಂದ ಎಂಟನೆಯ ತರಗತಿಯ ಅವರ ಅವಧಿ ನನಗೆ ಬಂತು. ಪಾಠ ನರಗುಂದದ ಬಂಡಾಯ. 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಹತ್ಯೆ, ಜೂನ್ ಆರಂಭದಲ್ಲಿ ನರಗುಂದದ ಮೇಲೆ ಬ್ರಿಟಿಷರ ದಾಳಿ, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಇಷ್ಟೇ ಹೇಳಿದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆಂದು ಹಿಂದಿನ ರಾತ್ರಿ ಒಂದು ಕಥೆ ಕಟ್ಟಿದ್ದೆ.

ಬಾಬಾಸಾಹೇಬರ ಪಡೆಯ ಸಿಪಾಯಿಯೊಬ್ಬ ಕಾದಾಟದಲ್ಲಿ ಸಾಯುತ್ತಾನೆ. ತಾಯಿ ಮೊದಲೇ ಇಲ್ಲ. ಹನ್ನೆರಡು ವರ್ಷದ ಅಣ್ಣ, ಏಳು ವರ್ಷದ ತಂಗಿ ರಾತ್ರಿಯೇ ಯಾವಗಲ್ ಕಡೆ ನಡೆಯುತ್ತಾರೆ. ಬೆಣ್ಣೆಹಳ್ಳದಲ್ಲಿ ಹೊಟ್ಟೆ ತುಂಬ ನೀರು ಕುಡಿದು, ಹೊಲದಲ್ಲಿ ಸೀತನಿ ಮುರಿದು ತಿನ್ನುತ್ತಾರೆ.

"ಸರ್, ಬ್ಯಾಸಗ್ಯಾಗ ಆ ನೀರು ಸವಳ್ರಿ, ಕುಡಿಯಾಕ ಬರೂದಿಲ್ಲ."

"ಜೂನದಾಗ ಸೀತನಿ ಎಲ್ಲಿಂದ ಬರ್ತಾವ್ರಿ?"

ತರಗತಿಯೆಲ್ಲ ನಕ್ಕಿತು. ಹಿಂದಿನ ದಿನವಷ್ಟೇ ಇದೇ ಮಕ್ಕಳಿಗೆ ದ್ರಾವಣ, ಲವಣ ಎಂದು ಪಾಠ ಮಾಡಿದ್ದೆ! ಕೊನೆಗೆ ಅವರೇ ಕಥೆ ತಿದ್ದಿದರು: ನೀರು ಊರ ಕೆರೆಯದು, ಊಟಕ್ಕೆ ಯಾರದೋ ಹಗೇವಿನ ಜೋಳ, ಬದಲಿಗೆ ಅಣ್ಣ ಅವರ ದನ ಕಾಯಬೇಕು. ನನ್ನ ಕಥೆಗಿಂತ ಇದು ಗಟ್ಟಿಯಾಗಿತ್ತು.

ಮುಕ್ತಾಯ ಮಾತ್ರ ನನ್ನದೇ ಓದಿದೆ. ಬಳಗದವರು ಬಂದು ಮಕ್ಕಳನ್ನು ಕರೆದೊಯ್ದರು, ಸುಖವಾಗಿದ್ದರು.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಎರಡು ವಾರದಲ್ಲಿ ಅವನ ದನಿ ಕೇಳಿದ್ದು ಅದೇ ಮೊದಲು. "ಸರ್, ಇಬ್ಬರನ್ನೂ ಒಂದ ಮನ್ಯಾಗ ಇಟ್ಕೊಂಡ್ರೇನ್ರಿ?"

"ಹೂಂ" ಎಂದುಬಿಟ್ಟೆ. ಅವನು ಕುಳಿತ. ಗಂಟೆ ಬಾರಿಸಿತು. ವೀಕ್ಷಣಾ ಪುಸ್ತಕದಲ್ಲಿ ನನಗೆ "ಸಮಯಪಾಲನೆ ಉತ್ತಮ" ಎಂದು ಬಂತು.

ತಂದೆ ತಾಯಿ ತೀರಿದ ಮೇಲೆ ಅವನು ಇಲ್ಲಿ ಸೋದರಮಾವನ ಮನೆಯಲ್ಲಿದ್ದಾನೆ, ತಂಗಿ ಬೇರೆ ಊರಲ್ಲಿ ಚಿಕ್ಕಮ್ಮನ ಹತ್ತಿರ ಇದ್ದಾಳೆ ಎಂದು ತರಗತಿ ಶಿಕ್ಷಕರಿಂದ ಸಂಜೆ ತಿಳಿಯಿತು. ಪಾಠಯೋಜನೆಯಲ್ಲಿ "ಪೂರ್ವಜ್ಞಾನ" ಎಂಬ ಅಂಕಣವಿದೆ. ಅಲ್ಲಿ ನಾನು ಬರೆದದ್ದು "1857ರ ದಂಗೆಯ ಪರಿಚಯವಿದೆ" ಎಂದಷ್ಟೇ.

ಮರುದಿನ ಮುಕ್ತಾಯ ಬದಲಿಸಿ ಓದಿದೆ. ಅಣ್ಣನನ್ನು ಒಬ್ಬರು, ತಂಗಿಯನ್ನು ಇನ್ನೊಬ್ಬರು ಕರೆದೊಯ್ಯುತ್ತಾರೆ. ವರ್ಷಕ್ಕೊಮ್ಮೆ ಪಂಚಮಿಗೆ ಅಣ್ಣ ನಡೆದುಹೋಗಿ ತಂಗಿಯನ್ನು ಕರೆತರುತ್ತಾನೆ. ಓದುವಾಗ ಅವನ ಕಡೆ ನೋಡಲಿಲ್ಲ. ಅವನ ಕಥೆ ಇದು ಎಂದು ಉಳಿದವರಿಗೆ ಅನಿಸಬಾರದಿತ್ತು. ಮಾಡಿದ್ದು ಸರಿಯೋ ತಪ್ಪೋ, ಮಾರ್ಗದರ್ಶಕರನ್ನೂ ಕೇಳಿಲ್ಲ.

ಅವಧಿ ಮುಗಿದ ಮೇಲೆ ಅವನು ಮೇಜಿನ ಹತ್ತಿರ ಬಂದು ಕಥೆಯ ಹಾಳೆ ಕೇಳಿದ.

"ಯಾಕೋ?"

"ಪಂಚಮಿಗೆ ತಂಗಿ ಬರ್ತಾಳ್ರಿ. ಓದಿ ಹೇಳ್ತೀನಿ."