ಒಂದೇ ನಳಿಗೆ, ಎರಡು ಗುಂಡು

ನಾನು ಬಂದೂಕು ಮುಟ್ಟಿದವನಲ್ಲ. ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ಪುಕ್ಕಲ. ಆದರೂ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಸಂಸ್ಥೆ ಟಿಪ್ಪು ಸುಲ್ತಾನನ ಕಾಲದ ಆಯುಧಗಳನ್ನು ಹರಾಜಿಗಿಟ್ಟಾಗ, ಅವುಗಳ ಚಿತ್ರಗಳನ್ನು ಮಗಳ ಜೊತೆ ಕುಳಿತು ನೋಡಿದ್ದೇ ನೋಡಿದ್ದು.

ಅದರಲ್ಲೊಂದು ಬೇಟೆ ಬಂದೂಕು. ಬೆಳ್ಳಿಯ ಕುಸುರಿ ಹಾಗಿರಲಿ, ಯುಕ್ತಿ ನೋಡಿ: ನಳಿಗೆ ಒಂದೇ, ಗುಂಡು ಎರಡು! ಒಂದರ ಹಿಂದೆ ಒಂದರಂತೆ ಮದ್ದುಗುಂಡು ತುಂಬಿ, ಮೊದಲು ಮುಂದಿನದನ್ನು, ಆಮೇಲೆ ಹಿಂದಿನದನ್ನು ಹಾರಿಸಬೇಕು. ನಡುವೆ ಕಿಡಿ ನುಸುಳಿ ಕ್ರಮ ತಪ್ಪಿದರೆ ಹಾರಿಸುವವನ ಗತಿ ದೇವರೇ ಬಲ್ಲ. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಮದ್ದು ಹೊತ್ತಿಕೊಳ್ಳುತ್ತಿದ್ದ ಕಾಲದಲ್ಲಿ ಎಂಥ ಕೈಗಾರಿಕೆ!

"ಎಲ್ಲಿ ಮಾಡಿದ್ದಪ್ಪಾ ಇದು?"

"ನಮ್ಮ ಮೈಸೂರು ಸೀಮೆಯಲ್ಲೇ."

ಮಗಳು ನಂಬಲಿಲ್ಲ. ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ ಅವಳು ಕಂಡದ್ದು ಪಾಳುಬಿದ್ದ ಕೋಟೆ, ದರಿಯಾ ದೌಲತ್ತಿನ ಗೋಡೆಚಿತ್ರ. 1799ರ ಮೇ 4ರಂದು ಆ ಕೋಟೆ ಬಿದ್ದದ್ದನ್ನೂ, ಅರಮನೆಯ ಸೊತ್ತು ಗೆದ್ದವರ ಪಾಲಾದದ್ದನ್ನೂ ಹೇಳಿದೆ.

"ಹಾಗಾದರೆ ಲೂಟಿ ಮಾಲು. ನೀವು ಚೆನ್ನಾಗಿದೆ ಅಂತಿದ್ದೀರಲ್ಲ?"

ಚೆನ್ನಾಗಿರುವುದು ಸುಳ್ಳಲ್ಲ. ಲೂಟಿಯೂ ಸುಳ್ಳಲ್ಲ. ಅದು ಕೊಲ್ಲುವ ಸಾಧನ ಎಂಬುದಂತೂ ನನಗೆ ಅಲ್ಲಿಯವರೆಗೆ ನೆನಪೇ ಆಗಿರಲಿಲ್ಲ! ಉತ್ತರ ತೋಚದೆ ಕಾಫಿಗೆ ಎದ್ದೆ.

ಹರಾಜು ಒಟ್ಟು 60 ಲಕ್ಷ ಪೌಂಡ್ ದಾಟಿತು. ಮಗಳು ಇತಿಹಾಸದ ನೋಟುಬುಕ್ಕಿನ ಹಿಂಬದಿಯಲ್ಲಿ ಆ ಬಂದೂಕಿನ ಚಿತ್ರ ಬರೆದಿದ್ದಳು. ನಳಿಗೆ ಸ್ವಲ್ಪ ಸೊಟ್ಟ. ಕೆಳಗೆ ದಪ್ಪಕ್ಷರದಲ್ಲಿ: "ಮಾರಾಟಕ್ಕಿಲ್ಲ."