ಥೇಮ್ಸ್ ತೀರದಲ್ಲೊಂದು ಕಾವಲು ಕಾಯಕ

2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಲಂಡನ್ ಮಹಾನಗರದಲ್ಲಿ ನೆಲೆಸಿರುವ ಶರಣ ಕುಟುಂಬವೊಂದರ ಆಮಂತ್ರಣದ ಮೇರೆಗೆ ನಾವು ಹತ್ತು ದಿನಗಳ ಕಾಲ ಅಲ್ಲಿ ತಂಗುವ ಸುಯೋಗ ಒದಗಿತು. ಧಾರವಾಡದ ಕಡೆಯ ಮನೆತನ. ಮನೆಯಲ್ಲಿ ಜೋಳದ ರೊಟ್ಟಿಯೂ ಇದೆ, ನಿತ್ಯದ ಇಷ್ಟಲಿಂಗ ಪೂಜೆಯೂ ಇದೆ. ಆ ಮನೆಯ ಹಿರಿಯ ಮಗಳು ಗಣಿತದಲ್ಲಿ ಪದವಿ ಮುಗಿಸಿ, ದೊಡ್ಡದೊಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಉದ್ಯೋಗಕ್ಕೆ ಸೇರಿ ಆಗಿನ್ನೂ ಎರಡು ವಾರ. ಅವಳ ವಿಭಾಗದ ಹೆಸರು ರಿಸ್ಕ್ ಮ್ಯಾನೇಜ್‌ಮೆಂಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬರಬಹುದಾದ ನಷ್ಟವನ್ನು ಮೊದಲೇ ಅಳೆದು ಕಾವಲಿರುವ ಕೆಲಸ.

ನಾವು ಹೋದ ದಿನವೇ ಅವಳ ತಾಯಿ ವಿಭೂತಿ ಧರಿಸಿ ನಮಸ್ಕರಿಸಿ ತಮ್ಮ ಮನಸ್ಸಿನ ಅಳುಕನ್ನು ಹೇಳಿಕೊಂಡರು: “ಅಜ್ಜಾರೇ, ಕೈತುಂಬ ಸಂಬಳವೇನೋ ಇದೆ. ಆದರೆ ಊರಿನಲ್ಲಿರುವ ನಮ್ಮ ಅತ್ತೆಯವರು, ‘ಮೊಮ್ಮಗಳನ್ನು ಜೂಜಿನ ಕಟ್ಟೆಗೆ ಕಳಿಸಿದಿರಲ್ಲ’ ಎಂದು ನೊಂದುಕೊಳ್ಳುತ್ತಾರೆ. ಇದು ಕಾಯಕವೇ, ಅಲ್ಲವೇ? ತಾವೇ ನೋಡಿ ಹೇಳಬೇಕು.” ನೋಡದೆ ಹೇಳುವುದು ಸಲ್ಲದೆಂದು ನಾವು ಸುಮ್ಮನಿದ್ದೆವು. ಶನಿವಾರ ಆ ಮಗಳೇ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೊರಟಳು.

ಮೊದಲು ಹೋದದ್ದು ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ. ಅಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ವಿಶ್ವಗುರು ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಅದನ್ನು ಸ್ಥಾಪಿಸಲು ಶ್ರಮಿಸಿದವರು ಲ್ಯಾಂಬೆತ್‌ನ ಮಾಜಿ ಮೇಯರ್, ಕನ್ನಡಿಗರಾದ ಡಾ. ನೀರಜ್ ಪಾಟೀಲರು. ಪ್ರತಿಮೆಗೆ ಕೈಮುಗಿದು ನಿಂತಾಗ ನಮಗೆ ಹೊಳೆದದ್ದು, ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬ ಮಾತು. ಭಂಡಾರದ ಹಣ ಪೋಲಾಗುತ್ತಿದೆಯೆಂದು ಕೊಂಡೆಯರು ದೂರಿದಾಗ, ಅರಸನು ಲೆಕ್ಕ ನೋಡಿಸಲು ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಹಣದ ಬಳಿಯಿದ್ದೂ ಹಣಕ್ಕೆ ಅಂಟದವರು, ಲೆಕ್ಕ ಕೇಳಿದರೆ ಅಂಜದವರು ಅವರು.

ಅಲ್ಲಿಂದ ‘ಸಿಟಿ’ ಎಂದು ಕರೆಯಲಾಗುವ ಹಳೆಯ ವಾಣಿಜ್ಯ ಭಾಗಕ್ಕೆ ಬಂದೆವು. ಒಂದೇ ಚದರ ಮೈಲಿಯಷ್ಟು ನೆಲ. 1694ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಅಲ್ಲಿದೆ. ಸಮೀಪದ ಲೈಮ್ ಬೀದಿಯಲ್ಲಿ ಲಾಯ್ಡ್ಸ್ ಎಂಬ ವಿಮಾ ಮಾರುಕಟ್ಟೆಯ ವಿಚಿತ್ರ ಕಟ್ಟಡ. ಕೊಳವೆಗಳೂ ಮೆಟ್ಟಿಲುಗಳೂ ಗೋಡೆಯ ಹೊರಗೇ ಇವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನ ಒಡೆಯರು ಕಲೆತು, ಕಡಲಿಗೆ ಹೋದ ಹಡಗು ಮರಳೀತೋ ಮುಳುಗೀತೋ ಎಂಬ ಭಯವನ್ನು ಹಲವರಲ್ಲಿ ಹಂಚಿಕೊಳ್ಳುತ್ತಿದ್ದರು. ಅದೇ ಬೆಳೆದು ಈ ಸಂಸ್ಥೆಯಾಯಿತು. 1799ರಲ್ಲಿ ಮುಳುಗಿದ ಲೂಟಿನ್ ಎಂಬ ಹಡಗಿನ ಗಂಟೆ ಈ ಕಟ್ಟಡದೊಳಗಿದೆ. ಹಿಂದೆ ಹಡಗು ಮುಳುಗಿದ ಸುದ್ದಿ ಬಂದರೆ ಒಂದು ಸಲ, ತಡವಾದ ಹಡಗು ಕ್ಷೇಮವಾಗಿ ಬಂದರೆ ಎರಡು ಸಲ ಅದನ್ನು ಬಾರಿಸುತ್ತಿದ್ದರಂತೆ. ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಎಲ್ಲರ ಕಿವಿಗೂ ಏಕಕಾಲಕ್ಕೆ ಬೀಳಬೇಕೆಂಬುದು ಅದರ ಮರ್ಮ.

“ಇಲ್ಲಿಯೇ ಬೇರಿಂಗ್ಸ್ ಎಂಬ ಬ್ಯಾಂಕ್ ಇತ್ತು ಅಜ್ಜಾರೇ” ಎಂದು ಅವಳು ಕಥೆ ಆರಂಭಿಸಿದಳು. 1762ರಲ್ಲಿ ಹುಟ್ಟಿದ ಆ ಪ್ರತಿಷ್ಠಿತ ಮನೆತನದ ಬ್ಯಾಂಕ್ 1995ರ ಫೆಬ್ರವರಿಯಲ್ಲಿ ಕುಸಿದುಬಿತ್ತು. ಸಿಂಗಪುರದ ಕಚೇರಿಯಲ್ಲಿದ್ದ ನಿಕ್ ಲೀಸನ್ ಎಂಬ ತರುಣನು ತನ್ನ ವಹಿವಾಟಿನ ನಷ್ಟವನ್ನು 88888 ಎಂಬ ಸಂಖ್ಯೆಯ ಖಾತೆಯೊಂದರಲ್ಲಿ ಬಚ್ಚಿಟ್ಟಿದ್ದನು. ಆ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾಗಿ ಅಲ್ಲಿನ ಷೇರುಪೇಟೆ ಇಳಿದಾಗ ನಷ್ಟವು ಕೈಮೀರಿ, ಕಡೆಗೆ ಸುಮಾರು 82 ಕೋಟಿ 70 ಲಕ್ಷ ಪೌಂಡುಗಳಿಗೆ ಮುಟ್ಟಿತು. ಡಚ್ ಸಂಸ್ಥೆಯೊಂದು ಆ ಬ್ಯಾಂಕನ್ನು ಕೇವಲ ಒಂದು ಪೌಂಡಿಗೆ ಕೊಂಡಿತು. ಮೂಲ ದೋಷವೇನೆಂದರೆ, ವ್ಯವಹಾರ ಮಾಡುವವನೂ ಅದರ ಲೆಕ್ಕ ಮುಗಿಸುವವನೂ ಒಬ್ಬನೇ ಆಗಿದ್ದುದು. ಈ ಮಾತು ಕೇಳಿ ನಾವು ಏಕೋ ಮೌನವಾದೆವು. ಕಾರಣವನ್ನು ಮುಂದೆ ಹೇಳುತ್ತೇವೆ.

ಬಳಿಕ ಚಾಲಕನಿಲ್ಲದೆ ಓಡುವ ಡಾಕ್‌ಲ್ಯಾಂಡ್ಸ್ ರೈಲನ್ನೇರಿ ಕ್ಯಾನರಿ ವಾರ್ಫ್ ತಲುಪಿದೆವು. ಈಗ ದೊಡ್ಡ ಬ್ಯಾಂಕುಗಳ ಕಚೇರಿಗಳಿರುವ ಸ್ಥಳವಿದು. 1991ರಲ್ಲಿ ಪೂರ್ಣಗೊಂಡ ಒನ್ ಕೆನಡಾ ಸ್ಕ್ವೇರ್ ಎಂಬ 50 ಅಂತಸ್ತಿನ ಗೋಪುರವನ್ನು ತಲೆಯೆತ್ತಿ ನೋಡಿದರೆ ಪೇಟ ಕೆಳಗೆ ಬೀಳುತ್ತದೆ! ಹಿಂದೆ ಇದು ಬಂದರು. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್‌ಗೆ ಕೆರಿಬಿಯನ್ ದ್ವೀಪಗಳ ಸಕ್ಕರೆ ಬಂದಿಳಿಯುತ್ತಿತ್ತು. ನದಿಯ ದಂಡೆಯಲ್ಲಿ ಸಕ್ಕರೆ ಕಳುವಾಗುತ್ತಿದೆಯೆಂದು ವರ್ತಕರು ಎತ್ತರದ ಗೋಡೆ ಕಟ್ಟಿ, ಕಾವಲಿಟ್ಟು ಈ ಬಂದರನ್ನು ನಿರ್ಮಿಸಿದರು. ಇದೂ ನಷ್ಟದ ವಿರುದ್ಧ ಕಾವಲೇ. ಆದರೆ ಆ ಸಕ್ಕರೆಯನ್ನು ಬೆಳೆದವರು ಕೊಂಡು ತಂದ ಗುಲಾಮರು. ಕದ್ದ ಸಕ್ಕರೆಗೆ ಲೆಕ್ಕವಿತ್ತು, ಕದ್ದ ಮನುಷ್ಯರಿಗೆ ಲೆಕ್ಕವಿರಲಿಲ್ಲ. ಬಂದರಿನ ಸ್ಥಾಪಕರಲ್ಲೊಬ್ಬನೂ ಗುಲಾಮರ ಒಡೆಯನೂ ಆಗಿದ್ದ ರಾಬರ್ಟ್ ಮಿಲಿಗನ್‌ನ ಪ್ರತಿಮೆಯನ್ನು 2020ರ ಜೂನ್ ತಿಂಗಳಿನಲ್ಲಿ ಇಲ್ಲಿಂದ ತೆಗೆದಿದ್ದಾರೆ. ಯಾರ ನಷ್ಟವನ್ನು ಅಳೆಯುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಈ ಕೆಲಸ ಮಾಡುವವರು ಮರೆಯಬಾರದೆಂದು ನಾವು ಆ ಮಗಳಿಗೆ ಹೇಳಿದೆವು.

ನೀರಿನಂಚಿನ ಕಲ್ಲುಹಾಸಿನ ಮೇಲೆ ಕುಳಿತು ಅವಳ ಕೆಲಸದ ವಿವರ ಕೇಳಿದೆವು. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಕಚೇರಿ ಸೇರಬೇಕು. ಹಿಂದಿನ ದಿನ ವಹಿವಾಟುದಾರರು ಕೊಂಡದ್ದೆಷ್ಟು, ಮಾರಿದ್ದೆಷ್ಟು, ಇಂದಿನ ಬೆಲೆಯಲ್ಲಿ ಅದರ ಮೌಲ್ಯವೆಷ್ಟು ಎಂದು ಪರಿಶೀಲಿಸಬೇಕು. ಪ್ರತಿಯೊಬ್ಬರಿಗೂ ಇಷ್ಟೇ ಎಂದು ಮಿತಿ ಗೊತ್ತುಪಡಿಸಿರುತ್ತದೆ. ಮೀರಿದ್ದರೆ ಮೇಲಿನವರಿಗೆ ವರದಿ ಮಾಡಬೇಕು. ಹಿಂದಿನ ಬೆಲೆಗಳ ಏರಿಳಿತವನ್ನು ಆಧರಿಸಿ, ನೂರು ದಿನಗಳಲ್ಲಿ 99 ದಿನ ನಷ್ಟವು ಇಷ್ಟನ್ನು ಮೀರದು ಎಂಬ ಅಳತೆಯೊಂದುಂಟು. ವರ್ಷದ ಸುಮಾರು 250 ವಹಿವಾಟಿನ ದಿನಗಳಲ್ಲಿ ಎರಡು ಮೂರು ದಿನ ಅದು ಮೀರುವುದು ಸಹಜ. ಹತ್ತು ದಿನ ಮೀರಿದರೆ ಅಳತೆಯ ಕೋಲೇ ಡೊಂಕು. ಆದರೆ ಆ ನೂರನೆಯ ದಿನದ ನಷ್ಟ ಎಷ್ಟು ದೊಡ್ಡದೆಂದು ಈ ಅಳತೆ ಹೇಳುವುದಿಲ್ಲ. ಆದುದರಿಂದ 2008ರಂಥ ವರ್ಷ ಮತ್ತೆ ಬಂದರೆ ಏನಾದೀತು ಎಂದು ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಆ ವರ್ಷದ ಸೆಪ್ಟೆಂಬರ್ 15ರಂದು ಲೆಹ್ಮನ್ ಬ್ರದರ್ಸ್ ದಿವಾಳಿಯಾದಾಗ, ಇದೇ ಕ್ಯಾನರಿ ವಾರ್ಫ್‌ನ ಅದರ ಕಚೇರಿಯಿಂದ ನೌಕರರು ತಮ್ಮ ಸಾಮಾನಿನ ಪೆಟ್ಟಿಗೆಗಳನ್ನು ಹೊತ್ತು ಹೊರಬಂದಿದ್ದರು.

ನಮಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಪತಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಆಯ್ದಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದ ತಾಯಿ ಆಕೆ. ತಂದವರು ಪತಿಯೇ ಆದರೂ ಮಿತಿ ಮಿತಿಯೇ.

ಇದನ್ನು ಹೇಳಿದೊಡನೆ ಆ ಮಗಳ ಕಣ್ಣು ತುಂಬಿತು. “ಅಜ್ಜಾರೇ, ಅಮ್ಮನಿಗೆ ಹೇಳದ ಒಂದು ಮಾತಿದೆ. ಒಂದು ವಹಿವಾಟಿನ ಬೆಲೆ ಮೂರು ದಿನಗಳಿಂದ ಕದಲಿಲ್ಲ. ಪೇಟೆಯಲ್ಲಿ ಅಂಥವುಗಳ ಬೆಲೆ ಇಳಿದಿದೆ. ಇಪ್ಪತ್ತು ವರ್ಷ ಅನುಭವವಿರುವ ಹಿರಿಯರನ್ನು ಕೇಳಿದೆ. ‘ಸಣ್ಣ ವಿಷಯ, ನೀನಿನ್ನೂ ಹೊಸಬಳು’ ಎಂದು ನಕ್ಕರು. ಸೋಮವಾರ ನಾನು ಮೇಲಿನವರಿಗೆ ಬರೆಯಲೇ, ಬಿಡಲೇ?” ಯಾವ ವಹಿವಾಟೆಂದು ಅವಳು ಹೇಳಲಿಲ್ಲ, ಹೇಳಬಾರದೆಂಬ ನಿಯಮವಿದೆ. ನಾವೂ ಕೇಳಲಿಲ್ಲ.

ಉಪದೇಶ ಮಾಡುವ ಅಧಿಕಾರ ನಮಗಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾವು ನಮ್ಮ ಭಾಗದ ಪತ್ತಿನ ಸಹಕಾರಿ ಸಂಘವೊಂದರ ಆಡಳಿತ ಮಂಡಳಿಯಲ್ಲಿದ್ದೆವು. ಅಲ್ಲಿ ಸಾಲ ಕೊಡುವ ಕೈಯೂ ಲೆಕ್ಕ ಬರೆಯುವ ಕೈಯೂ ಒಂದೇ ಆಗಿತ್ತು. ಕಿರ್ದಿ ಪುಸ್ತಕದಲ್ಲಿ ಒಮ್ಮೆ ತಿದ್ದಿದ ಅಂಕಿಯೊಂದನ್ನು ನಾವು ಕಂಡೆವು. ಕೇಳಿದರೆ ಹಿರಿಯರಿಗೆ ಅವಮಾನವಾದೀತೆಂದು ಸಂಕೋಚಪಟ್ಟು ಸಹಿ ಹಾಕಿದೆವು. ಎರಡು ವರ್ಷಗಳಲ್ಲಿ ಸಂಘ ಮುಳುಗಿತು. ರೊಟ್ಟಿ ತಟ್ಟಿ ಮಾರಿ ಮಗಳ ಮದುವೆಗೆಂದು ಠೇವಣಿ ಇಟ್ಟಿದ್ದ ತಾಯಿಯೊಬ್ಬಳ ಹಣವೂ ಅದರಲ್ಲಿ ಹೋಯಿತು. ಆಕೆ ಇಂದಿಗೂ ನಮ್ಮನ್ನು ಕಂಡರೆ ‘ಶರಣ್ರೀ’ ಎನ್ನುತ್ತಾಳೆ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ಇದನ್ನೆಲ್ಲ ಆ ಮಗಳಿಗೆ ಮುಚ್ಚಿಡದೆ ಹೇಳಿ, “ತಾಯಿ, ಇದಕ್ಕಿಂತ ಹೆಚ್ಚು ನಮಗೆ ತಿಳಿಯದು” ಎಂದೆವು.

ಸೋಮವಾರ ರಾತ್ರಿ ಎಂಟರ ಸುಮಾರಿಗೆ ಅವಳು ಮನೆಗೆ ಬಂದಳು. ಬರೆದಿದ್ದಳು. ಬೆಲೆ ಹಳೆಯದೆಂದು ಸಿದ್ಧವಾಗಿ, ತಿದ್ದಿದಾಗ ನಷ್ಟವೊಂದು ಹೊರಬಿತ್ತಂತೆ. ಆ ಹಿರಿಯರು ಅಂದು ಅವಳೊಡನೆ ಮಾತನಾಡಲಿಲ್ಲವಂತೆ. ಊಟಕ್ಕೆ ಕುಳಿತಾಗ ಅವಳು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದುದನ್ನು ನಾವು ಗಮನಿಸಿದೆವು.

ಈ ಉದ್ಯೋಗದತ್ತ ಮಕ್ಕಳನ್ನು ಕಳಿಸಬಯಸುವ ಬಂಧುಗಳಿಗೆ ಎರಡು ಮಾತು. ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಎಂಜಿನಿಯರಿಂಗ್ ಓದಿದವರಿಗೆ ಇಲ್ಲಿ ಅವಕಾಶವುಂಟು. ಕೊನೆಯ ವರ್ಷಕ್ಕೆ ಮುನ್ನ ಬೇಸಿಗೆಯಲ್ಲಿ ಸುಮಾರು ಹತ್ತು ವಾರಗಳ ತರಬೇತಿ ಪಡೆದವರಲ್ಲಿ ಅನೇಕರಿಗೆ ಅಲ್ಲಿಯೇ ಕೆಲಸ ದೊರೆಯುತ್ತದೆ; ಅರ್ಜಿಯನ್ನು ಹಿಂದಿನ ಶರತ್ಕಾಲದಲ್ಲಿಯೇ ಹಾಕಬೇಕು. ಸೇರಿದ ಬಳಿಕ ಎಫ್‌ಆರ್‌ಎಂ ಎಂಬ ಎರಡು ಭಾಗಗಳ ಪರೀಕ್ಷೆಗೆ ಓದುವವರುಂಟು. ಇದಕ್ಕಾಗಿ ಲಂಡನ್ನಿಗೇ ಹೋಗಬೇಕೆಂದಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್, ಜೆ.ಪಿ. ಮಾರ್ಗನ್ ಮೊದಲಾದ ಬ್ಯಾಂಕುಗಳ ದೊಡ್ಡ ಕಚೇರಿಗಳು ನಮ್ಮ ಬೆಂಗಳೂರಿನಲ್ಲಿಯೇ ಇವೆ.

ಹೊರಡುವ ದಿನ ಆ ತಾಯಿ ಮತ್ತೆ ಕೇಳಿದರು, “ಅತ್ತೆಯವರಿಗೆ ಏನೆಂದು ಹೇಳಲಿ?” ನಾವೆಂದೆವು: “ಕಟ್ಟೆಯ ಮೇಲೆ ಜೂಜಾಡುವವರೂ ಇರಬಹುದಮ್ಮಾ. ನಿಮ್ಮ ಮಗಳು ಅಲ್ಲಿ ದೀಪ ಹಿಡಿದು ನಿಂತಿದ್ದಾಳೆ. ದೀಪ ಆರದಂತೆ ನೋಡಿಕೊಂಡರೆ ಅದು ಕಾಯಕವೇ.” ಊರಿಗೆ ಮರಳಿದ ವಾರವೇ ನಾವು ಆ ರೊಟ್ಟಿ ಮಾರುವ ತಾಯಿಯ ಮನೆಗೆ ಹೋಗಿ, ಮೂವತ್ತು ವರ್ಷಗಳಿಂದ ಆಡದೆ ಉಳಿದಿದ್ದ ಮಾತನ್ನು ಆಡಿ, ತಪ್ಪೊಪ್ಪಿಕೊಂಡು ಬಂದೆವು.